ಕರ್ನಾಟಕ ನಕ್ಷೆಯ ಶುಗರ್ ಕುಕ್ಕಿ: ಅಂಚು ಕಿತ್ತು ಬರುತ್ತಿದೆ, ಬೀದರ್ ತುದಿ ಸೊಟ್ಟಗಾಗುತ್ತಿದೆ

ಪಣಂಬೂರು ಓವನ್

ಎಲ್ಲರಿಗೂ ನಮಸ್ಕಾರ. ನವೆಂಬರ್ 1ಕ್ಕೆ ಕರ್ನಾಟಕ ನಕ್ಷೆಯ ಆಕಾರದ ಶುಗರ್ ಕುಕ್ಕಿಗೆ ಆರ್ಡರ್ ಒಪ್ಪಿಕೊಂಡಿದ್ದೇನೆ. ಮೇಲರ್ಧ ಹಳದಿ, ಕೆಳಗರ್ಧ ಕೆಂಪು ರಾಯಲ್ ಐಸಿಂಗ್ (ಒಣಗಿದಾಗ ಗಟ್ಟಿಯಾಗುವ ಸಕ್ಕರೆ ಲೇಪ). ಐಸಿಂಗ್ ಕೈಹಿಡಿದಿದೆ, ತೊಂದರೆ ಇರುವುದು ಕತ್ತರಿಸುವುದರಲ್ಲಿ.

ಕಟರ್ 3ಡಿ ಪ್ರಿಂಟ್ ಮಾಡಿದ್ದು, ಆನ್‌ಲೈನ್‌ನಲ್ಲಿ ತರಿಸಿದ್ದು. ಸುಮಾರು 9 ಸೆಂ.ಮೀ. ಎತ್ತರ. ಒತ್ತಿ ಎತ್ತಿದರೆ ಅಂಚಿನ ಹಿಟ್ಟು ಕಟರ್ ಜೊತೆಗೇ ಎದ್ದು ಬರುತ್ತದೆ. ಕರಾವಳಿ ಕಡೆಯ ಗೆರೆ ಪರವಾಗಿಲ್ಲ, ಆದರೆ ಪೂರ್ವದ ಕಡೆ ಇರುವ ಸಣ್ಣ ಸಣ್ಣ ಮಡಿಕೆಗಳೆಲ್ಲ ಹರಿದು ಹೋಗುತ್ತವೆ. ಮೇಲಿನ ಬೀದರ್ ತುದಿಯಂತೂ ಟ್ರೇಗೆ ದಾಟಿಸುವಷ್ಟರಲ್ಲಿ ಒಂದು ಕಡೆಗೆ ವಾಲಿಬಿಡುತ್ತದೆ. ಬೇಯಿಸಿದ ಮೇಲೆ ಉಳಿದ ಆಕಾರವೂ ಸ್ವಲ್ಪ ಹರಡುತ್ತದೆ.

ಅಳತೆ: ಮೈದಾ 300 ಗ್ರಾಂ, ಬೆಣ್ಣೆ 200 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ 120 ಗ್ರಾಂ, ಹಾಲು 2 ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. ಎಗ್‌ಲೆಸ್ಸೇ ಬೇಕು. ಓಟಿಜಿ (ಮನೆಯ ಚಿಕ್ಕ ಎಲೆಕ್ಟ್ರಿಕ್ ಓವನ್), 180 ಡಿಗ್ರಿ. ಸ್ಟೀಲ್ ಕಟರ್ ತಗೊಂಡರೆ ಸರಿಹೋಗುತ್ತದಾ?

ಹಿಟ್ಟಿನಂಗಡಿ

ಕಟರ್‌ಗೆ ಮೈದಾ ಅದ್ದಿ ಒತ್ತಿ. ನನಗೆ ಅಷ್ಟರಲ್ಲೇ ಸರಿಹೋಗುತ್ತದೆ. ಇಲ್ಲದಿದ್ದರೆ ಹಿಟ್ಟಿನ ಮೇಲೆ ಕ್ಲಿಂಗ್ ಫಿಲ್ಮ್ ಹಾಸಿ ಅದರ ಮೇಲಿಂದ ಒತ್ತಿ, ಒಂಚೂರೂ ಅಂಟುವುದಿಲ್ಲ.

ತುಂಗಾ ತೀರ

ಕ್ಲಿಂಗ್ ಫಿಲ್ಮ್ ಉಪಾಯ ನಿಜ, ಆದರೆ ಈ ಕೆಲಸಕ್ಕಲ್ಲ. ಫಿಲ್ಮ್ ಮೇಲಿಂದ ಒತ್ತಿದರೆ ಮೇಲಂಚು ಒಳಕ್ಕೆ ಬಾಗಿ ದುಂಡಗಾಗುತ್ತದೆ. ಟೀ ಜೊತೆ ತಿನ್ನುವ ಬಿಸ್ಕತ್ತಿಗೆ ಅದು ಚಂದ. ಐಸಿಂಗ್ ಸುರಿದು ತುಂಬುವ ಕುಕ್ಕಿಗೆ ಮೇಲ್ಮೈ ಕೊನೆಯವರೆಗೂ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಹೊರಗೆರೆ ಜಾರಿ ಕೆಳಗಿಳಿಯುತ್ತದೆ.

ಪಣಂಬೂರು ಅವರೇ, ಸ್ಟೀಲ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಒಂದೇ ಒಂದು ಕುಕ್ಕಿಯನ್ನು ಮೂರು ಹಂತದಲ್ಲಿ ನೋಡಿ: ಕಟರ್ ಎತ್ತಿದ ತಕ್ಷಣ, ಟ್ರೇಗೆ ಬಂದ ಮೇಲೆ, ಬೆಂದ ಮೇಲೆ. ಫೋನಿನಲ್ಲಿ ನೇರ ಮೇಲಿಂದ ಫೋಟೊ ತೆಗೆದರೆ ಸಾಕು. ಆಕಾರ ಎಲ್ಲಿ ಕೆಡುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕತ್ತರಿಸುವಾಗಲೇ ಕೆಟ್ಟರೆ ಕಟರ್ ಅಥವಾ ಹಿಟ್ಟಿನ ತಂಪು ಕಾರಣ. ಎತ್ತುವಾಗ ಕೆಟ್ಟರೆ ಯಾವ ಕಟರ್ ತಂದರೂ ಪ್ರಯೋಜನವಿಲ್ಲ. ಓವನ್ ಒಳಗೆ ಕೆಟ್ಟರೆ ಅಳತೆ ನೋಡಬೇಕು. ನಿಮ್ಮ ವಿವರಣೆ ಓದಿದರೆ ಮೂರೂ ಸ್ವಲ್ಪ ಸ್ವಲ್ಪ ಇದ್ದಂತಿದೆ.

ಇನ್ನೊಂದು, ಕಟರ್‌ನ ಒತ್ತುವ ಅಂಚಿಗೆ ಸ್ಕೇಲ್ ಹಿಡಿದು ದಪ್ಪ ಎಷ್ಟಿದೆ ಹೇಳಿ.

ಪಣಂಬೂರು ಓವನ್

ನೋಡಿದೆ. ಅಂಚು ಒಂದೂವರೆ ಮಿ.ಮೀ. ಹತ್ತಿರ ಇದೆ, ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪ. ಫೋಟೊದಲ್ಲಿ ನೀವು ಹೇಳಿದಂತೆಯೇ ಕಾಣುತ್ತಿದೆ: ಮಡಿಕೆಗಳು ಕತ್ತರಿಸುವಾಗಲೇ ಹೋಗುತ್ತವೆ, ಬೀದರ್ ವಾಲುವುದು ಎತ್ತುವಾಗ.

ನಾಝಲ್ 0.4

ಹಾಗಾದರೆ ಆ ಕಟರ್ ಕತ್ತರಿಸುತ್ತಿಲ್ಲ, ಹಿಟ್ಟನ್ನು ಎರಡೂ ಕಡೆಗೆ ಅದುಮುತ್ತಿದೆ. ನಾನು ಮನೆಯಲ್ಲೇ ಕಟರ್ ಪ್ರಿಂಟ್ ಮಾಡುತ್ತೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾಮಾನ್ಯ ಪ್ರಿಂಟರ್‌ನ ನಾಝಲ್, ಅಂದರೆ ಕರಗಿದ ಪ್ಲಾಸ್ಟಿಕ್ ಎಳೆಯಾಗಿ ಹೊರಬರುವ ಮೂತಿಯ ರಂಧ್ರ 0.4 ಮಿ.ಮೀ. ಒಳ್ಳೆಯ ಕಟರ್‌ನಲ್ಲಿ ಹಿಡಿಯುವ ಕಡೆ ದಪ್ಪ ಪಟ್ಟಿ ಇರುತ್ತದೆ, ಅಲ್ಲಿಂದ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ತೆಳುವಾಗುತ್ತ ಬಂದು ತುದಿಯಲ್ಲಿ ಒಂದೇ ಎಳೆ, ಅಂದರೆ 0.4ರ ಆಸುಪಾಸು ಉಳಿಯುತ್ತದೆ. ಎರಡು ಎಳೆ ಇಟ್ಟು 0.8 ಮಾಡಿದರೂ ನಡೆಯುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಒಂದೂವರೆ ಮಿ.ಮೀ. ಅಂದರೆ ಅಲಗೇ ಇಲ್ಲ ಎಂದರ್ಥ. ಅಷ್ಟು ದಪ್ಪದ ಗೋಡೆ ಸಣ್ಣ ಮಡಿಕೆಯೊಳಗೆ ಇಳಿದಾಗ ಅಲ್ಲಿರುವ ಹಿಟ್ಟಿಗೆ ಹೋಗಲು ಜಾಗವಿರುವುದಿಲ್ಲ, ಗೋಡೆಗೇ ಕಚ್ಚಿಕೊಂಡು ಮೇಲೆ ಬರುತ್ತದೆ.

ಎರಡನೆಯದು ನಕ್ಷೆಯೇ. ನಮ್ಮ ರಾಜ್ಯ ಉತ್ತರ ದಕ್ಷಿಣ ಸುಮಾರು 750 ಕಿ.ಮೀ., ಪೂರ್ವ ಪಶ್ಚಿಮ ಸುಮಾರು 400. ಅದನ್ನು 9 ಸೆಂ.ಮೀ.ಗೆ ಇಳಿಸಿದರೆ ಅಗಲ 5 ಸೆಂ.ಮೀ.ಗೂ ಸ್ವಲ್ಪ ಕಡಿಮೆ. ಬೀದರ್ ಹತ್ತಿರ ಉಳಿಯುವುದು ಬೆರಳಗಲವೂ ಇಲ್ಲ. ಗಡಿಯ ಪ್ರತಿಯೊಂದು ಕೊಂಕನ್ನೂ ಹಾಗೇ ಇಳಿಸಿದ ಫೈಲ್ ಆದರೆ ಹಿಟ್ಟಿನಲ್ಲಿ ಅದು ಮೂಡುವುದೇ ಇಲ್ಲ. 3 ಮಿ.ಮೀ.ಗಿಂತ ಸಣ್ಣ ಮಡಿಕೆಗಳನ್ನೆಲ್ಲ ಸವರಿ ನೇರ ಮಾಡಿಸಿ, ಎತ್ತರ 11 ಸೆಂ.ಮೀ.ಗೆ ಏರಿಸಿ, ಬೀದರ್ ಭಾಗವನ್ನು ಒಂದೆರಡು ಮಿ.ಮೀ. ಅಗಲಿಸಿ. ಐಸಿಂಗ್ ಬಿದ್ದ ಮೇಲೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ, ನೋಡಿದ ಕೂಡಲೇ ಕರ್ನಾಟಕ ಅಂತಲೇ ಗುರುತಿಸುತ್ತಾರೆ. ನಿಮ್ಮೂರಿನಲ್ಲೇ 3ಡಿ ಪ್ರಿಂಟ್ ಮಾಡಿಕೊಡುವವರಿದ್ದರೆ ಅವರಿಗೆ ಈ ಮೂರು ಮಾತು ಹೇಳಿ ಸಾಕು.

ಕಟರ್ ಪಿಎಲ್‌ಎ (3ಡಿ ಪ್ರಿಂಟಿಂಗ್‌ಗೆ ಸಾಮಾನ್ಯವಾಗಿ ಬಳಸುವ) ಪ್ಲಾಸ್ಟಿಕ್‌ನದಾದರೆ ಬಿಸಿನೀರಿನಲ್ಲಿ ತೊಳೆಯಲೇಬೇಡಿ. 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಉಗುರುಬೆಚ್ಚಗಿನ ನೀರು, ಸೋಪು, ಮೆತ್ತನೆಯ ಟೂತ್‌ಬ್ರಷ್. ಪದರಗಳ ಸಂದಿಯಲ್ಲಿ ಬೆಣ್ಣೆ ಕೂರುತ್ತದೆ, ಅದನ್ನು ಬಿಡಬಾರದು.

ತಗಡು ಕೆಲಸ

ಸ್ಟೀಲ್ ಬಗ್ಗೆ ಕೇಳಿದ್ದೀರಿ. ನಕ್ಷತ್ರ, ಹೃದಯ, ವೃತ್ತ, ಗಂಟೆ ಇಂಥವಕ್ಕೆ ಸ್ಟೀಲ್‌ಗೆ ಸಾಟಿಯಿಲ್ಲ: ತೆಳು ಅಲಗು, ಬಿಸಿನೀರಿಗೂ ಜಗ್ಗುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ತಗಡಿನದೂ ಚೆನ್ನಾಗಿ ಕತ್ತರಿಸುತ್ತದೆ, ಆದರೆ ಕರಾವಳಿ ಹವೆಗೆ ಬೇಗ ತುಕ್ಕು ಹಿಡಿಯುತ್ತದೆ. ತೊಳೆದ ಕೂಡಲೇ ಆರುತ್ತಿರುವ ಓವನ್‌ನಲ್ಲಿ ಐದು ನಿಮಿಷ ಇಟ್ಟು ಒಣಗಿಸಬೇಕು.

ಕೊಳ್ಳುವಾಗ ಎರಡು ನೋಡಿ. ಒಂದು ಕಡೆ ಅಂಚು ಮಡಚಿರಬೇಕು, ಅದು ಕೈಗೆ, ಇನ್ನೊಂದು ಕಡೆ ಹರಿತವಾಗಿರಬೇಕು, ಅದು ಹಿಟ್ಟಿಗೆ. ಅವಸರದಲ್ಲಿ ತಲೆಕೆಳಗಾಗಿ ಒತ್ತುವವರು ಬಹಳ. ಮತ್ತೆ ಬೆಸುಗೆ ಕೂಡುವ ಜಾಗದಲ್ಲಿ ಬಾಯಿ ಬಿಟ್ಟಿದ್ದರೆ ಪ್ರತಿ ಕುಕ್ಕಿಗೂ ಅದೇ ಜಾಗದಲ್ಲಿ ಒಂದು ಬಾಲ ಬರುತ್ತದೆ.

ನಕ್ಷೆಯ ಆಕಾರಕ್ಕೆ ಸ್ಟೀಲ್ ಪಟ್ಟಿ ಬಗ್ಗಿಸುವುದು ಕಷ್ಟ. ಸಣ್ಣ ತಿರುವಿನಲ್ಲಿ ಪಟ್ಟಿ ದುಂಡಗಾಗುತ್ತದೆಯೇ ಹೊರತು ಮೂಲೆ ಬರುವುದಿಲ್ಲ. ಯಾರಾದರೂ ಗ್ಯಾಲ್ವನೈಸ್ಡ್ ತಗಡಿನಲ್ಲಿ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನಿ, ಅದು ತಿನ್ನುವ ಪದಾರ್ಥಕ್ಕೆ ತಾಗಬಾರದು.

ಕರ್ಜಿಕಾಯಿ ಪ್ರಿಯೆ

ಕರ್ಜಿಕಾಯಿ ಅಂಚು ಕತ್ತರಿಸುವ ಹಲ್ಲಿನ ಚಕ್ರ ನಡೆಯುತ್ತದಾ? ಶಂಕರಪೋಳಿಗೆ ಅದರಲ್ಲೇ ಎಷ್ಟು ಸಲೀಸು.

ತುಂಗಾ ತೀರ

ನೇರ ಗೆರೆಗೆ ನಡೆಯುತ್ತದೆ, ಚೌಕ, ಆಯತದ ಕುಕ್ಕಿಗೆ ಚಂದವೇ. ತಿರುವಿಗೆ ಬಂದರೆ ಚಕ್ರ ಹಿಟ್ಟನ್ನು ಮುಂದಕ್ಕೆ ಎಳೆಯುತ್ತದೆ. ನಾಲ್ಕೈದು ಕುಕ್ಕಿ ಮಾತ್ರ ಬೇಕಾದಾಗ ಓಎಚ್‌ಪಿ ಶೀಟಿನಲ್ಲಿ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಆಕಾರ ಕತ್ತರಿಸಿ ಹಿಟ್ಟಿನ ಮೇಲಿಟ್ಟು, ಸುತ್ತ ಚೂಪು ಮೊನೆಯ ಚಿಕ್ಕ ಚಾಕುವಿನಿಂದ ಕತ್ತರಿಸಬಹುದು. ಚಾಕು ನೆಟ್ಟಗೆ ಹಿಡಿಯಬೇಕು, ಎಳೆಯಬಾರದು, ಚುಚ್ಚಿ ಚುಚ್ಚಿ ಮುಂದೆ ಹೋಗಬೇಕು.

ಈಗ ಬೀದರ್ ವಿಷಯ. ಇದಕ್ಕೆ ಮದ್ದು ಒಂದೇ: ಕುಕ್ಕಿಯನ್ನು ಎತ್ತಬೇಡಿ. ಎರಡು ಬೇಕಿಂಗ್ ಪೇಪರ್ ನಡುವೆ ಹಿಟ್ಟನ್ನು ಲಟ್ಟಿಸಿ. ಎರಡೂ ಬದಿಗೆ 6 ಮಿ.ಮೀ. ದಪ್ಪದ ಮರದ ಪಟ್ಟಿ ಇಟ್ಟು ಲಟ್ಟಣಿಗೆ ಅದರ ಮೇಲೆ ಓಡಲಿ, ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ. ಪೇಪರ್ ಸಮೇತ ಫ್ರಿಜ್ಜಿಗಿಡಿ. ಹೊರಗೆ ತೆಗೆದು ಮೇಲಿನ ಪೇಪರ್ ಬಿಡಿಸಿ, ಕೆಳಗಿನ ಪೇಪರ್ ಮೇಲಿರುವಾಗಲೇ ಕಟರ್ ಒತ್ತಿ. ಒಂದಕ್ಕೊಂದು 2 ಸೆಂ.ಮೀ. ಬಿಟ್ಟು ಒತ್ತಿ. ಆಮೇಲೆ ಕುಕ್ಕಿ ಅಲ್ಲೇ ಇರಲಿ, ಸುತ್ತಲಿನ ಬೇಡದ ಹಿಟ್ಟನ್ನು ಬಿಡಿಸಿ ತೆಗೆಯಿರಿ. ಪೇಪರನ್ನೇ ಟ್ರೇಗೆ ಎಳೆದುಕೊಳ್ಳಿ. ಬೀದರ್ ಕದಲುವ ಪ್ರಶ್ನೆಯೇ ಬರುವುದಿಲ್ಲ.

ಒತ್ತುವಾಗ ಹಿಟ್ಟಿನ ತಂಪನ್ನು ಬೆರಳಿನಿಂದಲೇ ನೋಡಿ. ಬೆರಳೊತ್ತಿದರೆ ಗುರುತು ಬೀಳಬೇಕು, ಆದರೆ ಅಂಟಬಾರದು. ಕಲ್ಲಿನಂತಿದ್ದಾಗ ಒತ್ತಿದರೆ ಮೊಟ್ಟೆಯಿಲ್ಲದ ಹಿಟ್ಟು ಅಂಚಿನಲ್ಲಿ ಬಿರುಕು ಬಿಡುತ್ತದೆ. ಮೆತ್ತಗಾದರೆ ಕಟರ್‌ಗೆ ಕಚ್ಚುತ್ತದೆ. ನಿಮ್ಮ ಕಡೆ ಸೆಕೆಗೆ ಈ ಎರಡರ ನಡುವಿನ ಹದ ಕೆಲವೇ ನಿಮಿಷ ಸಿಗುವುದು, ಹಾಗಾಗಿ ಒಂದೊಂದೇ ಹಾಳೆ ಹೊರತೆಗೆಯಿರಿ. ಕಟರನ್ನು ನೇರ ಒತ್ತಿ ನೇರ ಎತ್ತಿ, ತಿರುಚಬೇಡಿ. ಮೈದಾ ಅದ್ದುವುದು ಸರಿ, ಅದ್ದಿದ ಮೇಲೆ ಒಂದು ಸಲ ತಟ್ಟಿ ಹೆಚ್ಚಿನದನ್ನು ಉದುರಿಸಿ.

ಹಿಟ್ಟಿನಂಗಡಿ

ಬೆಂದ ಮೇಲೆ ಹರಡುವುದಕ್ಕೆ: ಬೇಕಿಂಗ್ ಪೌಡರ್ ಪೂರ್ತಿ ಬಿಡಿ. ಮೈದಾದಲ್ಲಿ 30 ಗ್ರಾಂ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಹಾಕಿ. ಬೆಣ್ಣೆ ಸಕ್ಕರೆಯನ್ನು ಕೇಕಿಗೆ ಮಾಡುವಂತೆ ನೊರೆ ಬರುವವರೆಗೆ ಬೀಟ್ ಮಾಡಬೇಡಿ, ಬೆರೆತರೆ ಸಾಕು. ಒಳಗೆ ಗಾಳಿ ಸೇರಿದಷ್ಟೂ ಉಬ್ಬಿ ಇಳಿಯುತ್ತದೆ.

ಮಿಕ್ಸಿ ಸಕ್ಕರೆಯನ್ನು ಜರಡಿ ಹಿಡಿಯಿರಿ. ಪುಡಿಯಾಗದ ಒಂದು ಹರಳು ಅಲಗಿಗೆ ಸಿಕ್ಕರೂ ಅದು ಅಂಚಿನುದ್ದಕ್ಕೂ ಗೀಚಿಕೊಂಡು ಹೋಗುತ್ತದೆ. ಕತ್ತರಿಸಿದ ಮೇಲೆ ಟ್ರೇಯನ್ನು 15 ನಿಮಿಷ ಫ್ರೀಜರ್‌ನಲ್ಲಿಟ್ಟು, ಪೂರ್ತಿ ಕಾದ ಓವನ್‌ಗೇ ಹಾಕಿ. ಓವನ್ ಅರೆಬಿಸಿ ಇದ್ದರೆ ಅಂಚು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹರಿಯುತ್ತದೆ. 170-175 ಡಿಗ್ರಿ, 10-12 ನಿಮಿಷ.

ಪಣಂಬೂರು ಓವನ್

ಹೊಸ ಕಟರ್ ಬಂತು, 11 ಸೆಂ.ಮೀ., ತುದಿ ತೆಳು, ಮಡಿಕೆಗಳನ್ನು ಸವರಿಸಿದ್ದೇನೆ. ಪೇಪರ್ ಮೇಲೇ ಕತ್ತರಿಸಿ ಸುತ್ತಲಿನದನ್ನು ತೆಗೆದೆ. ಬೀದರ್ ಈಗ ನೆಟ್ಟಗೆ ನಿಂತಿದೆ! ಕೈಗಾರಿಕಾ ಅಚ್ಚಿನಲ್ಲಿ ಮಾಡಿದಂತೆ ಕಾಣುತ್ತಿದೆ ಅಂತ ಮನೆಯವರೇ ಹೇಳಿದರು. ಹರಡುವುದೂ ಬಹುತೇಕ ನಿಂತಿದೆ. ಉಳಿದಿರುವುದು ಎರಡು. ಫ್ರೀಜರ್‌ನಿಂದ ತೆಗೆದಾಗ ಪೇಪರ್ ಸುಕ್ಕುಗಟ್ಟಿ ಕೆಳಗಿನ ಅಂಚಿನಲ್ಲಿ ಅಲೆ ಮೂಡುತ್ತದೆ. ಮತ್ತೆ ಇದೇ ಸೆಟ್‌ಗೆ 'ಕ' ಅಕ್ಷರದ ಕುಕ್ಕಿಯೂ ಬೇಕಂತೆ, ಅದರ ಒಳಗಿನ ಕುಣಿಕೆ ತೂತನ್ನು ಹೇಗೆ ಮಾಡುವುದು?

ತುಂಗಾ ತೀರ

ತುಂಬಾ ಖುಷಿಯಾಯಿತು. ಸುಕ್ಕಿಗೆ, ಲಟ್ಟಿಸುವುದು ಕತ್ತರಿಸುವುದು ಪೇಪರ್ ಮೇಲೆ ಆಗಲಿ, ಕುಕ್ಕಿ ಫ್ರೀಜರ್‌ನಲ್ಲಿ ಪೂರ್ತಿ ಗಟ್ಟಿಯಾದ ಮೇಲೆ ಪೇಪರಿನಿಂದ ಬಿಡಿಸಿ ತೂತು ತೂತಿನ ಸಿಲಿಕೋನ್ ಮ್ಯಾಟ್ ಮೇಲಿಡಿ. ಗಟ್ಟಿಯಾದಾಗ ಎತ್ತಿದರೆ ಬೀದರ್ ವಾಲುವುದಿಲ್ಲ. ಆ ಮ್ಯಾಟ್‌ನಲ್ಲಿ ಬೆಣ್ಣೆಯ ಹಬೆ ಕೆಳಗಿಂದ ಹೊರಹೋಗುವುದರಿಂದ ತಳ ಸಮತಟ್ಟಾಗುತ್ತದೆ.

ಅಷ್ಟಾದರೂ ಅಲ್ಲಲ್ಲಿ ಉಬ್ಬು ಉಳಿದರೆ, ಪೂರ್ತಿ ಆರಿದ ಮೇಲೆ ಜಾಯಿಕಾಯಿ ತುರಿಯುವ ಸಣ್ಣ ತುರಿಮಣೆಯಿಂದ ಅಂಚನ್ನು ಓರೆಯಾಗಿ ಮೆಲ್ಲಗೆ ಉಜ್ಜಿ. ಒಣ ಬ್ರಷ್‌ನಿಂದ ಪುಡಿಯನ್ನೆಲ್ಲ ಒರೆಸಿ, ಇಲ್ಲವಾದರೆ ಹಳದಿ ಐಸಿಂಗ್‌ನಲ್ಲಿ ಕಂದು ಚುಕ್ಕೆ ಎದ್ದು ಕಾಣುತ್ತದೆ.

ನಾಝಲ್ 0.4

'ಕ' ಅಕ್ಷರಕ್ಕೆ ಹೊರಗೆರೆಗೆ ಮಾತ್ರ ಕಟರ್ ಮಾಡಿಸಿ. ಒಳಗಿನ ತೂತಿನ ಗೋಡೆಯನ್ನೂ ಅದೇ ಕಟರ್‌ಗೆ ಸೇರಿಸಿದರೆ ಹಿಟ್ಟಿನ ಸಣ್ಣ ಬಿಲ್ಲೆ ಅದರೊಳಗೇ ಸಿಕ್ಕಿಕೊಂಡು ಪ್ರತಿ ಸಲ ಕಡ್ಡಿಯಿಂದ ಕೀಳಬೇಕಾಗುತ್ತದೆ. ಹೊರ ಆಕಾರ ಕತ್ತರಿಸಿ, ಫ್ರೀಜರ್‌ಗೆ ಇಡುವ ಮೊದಲು ಐಸಿಂಗ್ ನಾಝಲ್‌ನ ಸಣ್ಣ ಬಾಯಿಯಿಂದ ಕುಣಿಕೆಯ ಜಾಗದಲ್ಲಿ ಒತ್ತಿ ತೆಗೆಯಿರಿ. ಬಿಲ್ಲೆ ನಾಝಲ್ ಒಳಗೆ ನಿಂತರೆ ಹಿಂದಿನಿಂದ ಕಡ್ಡಿಯಲ್ಲಿ ತಳ್ಳಿದರಾಯಿತು. ಬೇಯುವಾಗ ತೂತು ಕೊಂಚ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಒಂದು ಸೈಜ್ ದೊಡ್ಡ ನಾಝಲ್ ಹಿಡಿಯಿರಿ. ಓವನ್‌ನಿಂದ ತೆಗೆದ ಕೂಡಲೇ, ಬಿಸಿ ಇರುವಾಗಲೇ, ಅದೇ ನಾಝಲ್ ಇನ್ನೊಮ್ಮೆ ಒತ್ತಿದರೆ ತೂತು ಶುದ್ಧ ದುಂಡಗಾಗುತ್ತದೆ. ಅದಕ್ಕೆ ಸ್ಟೀಲ್ ನಾಝಲ್ಲೇ ಆಗಬೇಕು. ಬಿಸಿ ಕುಕ್ಕಿಗೆ ನಿಮ್ಮ ಪಿಎಲ್‌ಎ ಕಟರ್ ಮಾತ್ರ ತಾಗಿಸಬೇಡಿ.