ಸಹಾಯ ಬೇಕು: ಎಪಾಕ್ಸಿ ಬಳಿಯುವ ಮುನ್ನ ಸಿಮೆಂಟ್ ನೆಲವನ್ನು ಉಜ್ಜುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿರುವ ನಮ್ಮ ಮನೆಯ 12 ಅಡಿ ಅಗಲ, 18 ಅಡಿ ಉದ್ದದ ಹೊಲಿಗೆ ಕೋಣೆಗೆ ಎರಡು ತಿಂಗಳ ಹಿಂದೆ ಸಿಮೆಂಟ್ ಗಾರೆ ಹಾಕಿಸಿದ್ದು, ಅದರ ಮೇಲೆ ಎಪಾಕ್ಸಿ (ಎರಡು ದ್ರವಗಳನ್ನು ಬೆರೆಸಿ ಬಳಿಯುವ ಗಟ್ಟಿ ಲೇಪನ) ಬಳಿಯಬೇಕೆಂದಿದ್ದೇನೆ. ಗಾರೆ ಗಟ್ಟಿಯಾಗಲು ಕಾಯಬೇಕೆನ್ನುವ 28 ದಿನಗಳು ಎಂದೋ ಕಳೆದಿವೆ. 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯ ಅಂಚುಗಳಿಗೆ ಟೇಪ್ ಅಂಟಿಸಿ 16 ಗಂಟೆ ಬಿಟ್ಟು ತೆಗೆದಾಗ ಅಡಿಯಲ್ಲಿ ತೇವವೂ ಕಾಣಲಿಲ್ಲ.

ತೊಂದರೆಯಿರುವುದು ಮೇಲ್ಪದರದಲ್ಲಿ. ಗಾರೆ ಹಸಿಯಿರುವಾಗಲೇ ಮೇಸ್ತ್ರಿ ಒಣ ಸಿಮೆಂಟ್ ಉದುರಿಸಿ, ನೀರು ಚಿಮುಕಿಸಿ ಕರಣೆಯಿಂದ ನುಣ್ಣಗೆ ಎಳೆದಿದ್ದರಿಂದ (ಆಗ ನೋಡಲು ಬಲು ಚೆಂದವಾಗಿಯೇ ಇತ್ತು), ಈಗ ಮೊಳೆಯಿಂದ ಗೀರಿದರೆ ಬಿಳಿ ಪುಡಿ ಏಳುತ್ತದೆ. ಈ ಸಡಿಲ ಪದರದ ಮೇಲೆಯೇ ಬಳಿದರೆ ಲೇಪನವು ಪದರದ ಸಮೇತ ಎದ್ದುಬರುತ್ತದೆಂಬುದು ನನಗೆ ತಿಳಿದಿದೆ.

ಆಂಗಲ್ ಗ್ರೈಂಡರಿಗೆ 40 ನಂಬರಿನ ಒರಟು ಉಜ್ಜುವ ಪೇಪರ್ ಹಾಕಿ ಬಾಗಿಲ ಮೂಲೆಯಲ್ಲಿ ಉಜ್ಜಿ ನೋಡಿದೆ. ಎರಡು ಚದರ ಅಡಿಗೇ ಪೇಪರ್ ಬೋಳಾಯಿತು. ನೆಲದ ಮೇಲೆ ಬಳೆಯಾಕಾರದ ಗೀರುಗಳು ಉಳಿದವು. ಡೈಮಂಡ್ ಕಪ್ ವೀಲ್ (ವಜ್ರದ ಕಣಗಳಿರುವ ಬಟ್ಟಲಿನಾಕಾರದ ಉಜ್ಜುಚಕ್ರ) ಹಾಕಿದರೆ ತಗ್ಗುಗಳು ಇನ್ನಷ್ಟು ಆಳವಾದಾವೆಂಬ ಅಂಜಿಕೆಯಿದೆ. ನೀರು ಹಾಕಿ ಉಜ್ಜಿದರೆ ಧೂಳು ಅಡಗುತ್ತದೆಯಾದರೂ ಕೆಸರು ರಂಧ್ರಗಳಲ್ಲಿ ಕುಳಿತು ನೆಲ ಮತ್ತೆ ಒಣಗುವವರೆಗೆ ಕಾಯಬೇಕು. ಒಣದಾಗಿ ಉಜ್ಜಿದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೇಡು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಇಷ್ಟು ಚಿಕ್ಕ ಕೋಣೆಗೆ ಯಾವ ವಿಧಾನ ಸೂಕ್ತ, ಪುಡಿ ಏಳುವುದು ನಿಂತ ಮೇಲೂ ಎಷ್ಟು ಉಜ್ಜಬೇಕು ಎಂಬುದನ್ನು ಸ್ವತಃ ಮಾಡಿದವರು ದಯವಿಟ್ಟು ತಿಳಿಸಿರಿ. ವ್ಯಾಕ್ಯೂಮ್ ಜೋಡಿಸಿದ ಗ್ರೈಂಡಿಂಗ್ ಯಂತ್ರವು ಗದಗ ಅಥವಾ ಹುಬ್ಬಳ್ಳಿಯಲ್ಲಿ ದಿನದ ಬಾಡಿಗೆಗೆ ದೊರೆಯುವುದಾದರೆ ಅದನ್ನೂ ತಿಳಿಸಬೇಕಾಗಿ ವಿನಂತಿ.