ಪಿಎಂಯುಗೆ ಡಿವೈಸ್ ಟ್ರೀ ಬೈಂಡಿಂಗ್: ಒಂದೇ ನೋಡ್ ಸಾಕೇ, ಪ್ರತಿ ಪವರ್ ಡೊಮೈನ್‌ಗೂ ಒಂದೊಂದು ಬೇಕೇ?

ಪ್ರಶ್ನೆ: ಚಿಪ್‌ಬಡಗಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಆರ್ಮ್ ಕೋರ್‌ಗಳಿರುವ ಹೊಸ ಚಿಪ್ ಒಂದಕ್ಕೆ ಲಿನಕ್ಸ್ ಬೆಂಬಲವನ್ನು ಸಿದ್ಧಪಡಿಸುತ್ತಿದ್ದು, ಅದರ ಪವರ್ ಮ್ಯಾನೇಜ್‌ಮೆಂಟ್ ಯೂನಿಟ್‌ಗೆ, ಅಂದರೆ ಪಿಎಂಯುಗೆ, ಡಿವೈಸ್ ಟ್ರೀ ಬೈಂಡಿಂಗ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಡಿವೈಸ್ ಟ್ರೀ ಎಂದರೆ ಯಾವ ಹಾರ್ಡ್‌ವೇರ್ ಎಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವ, ನೋಡ್‌ಗಳು ಮರದಂತೆ ಜೋಡಿಸಿದ ವಿವರಣೆ; ಒಂದು ನೋಡ್‌ನಲ್ಲಿ ಏನೇನು ಬರೆಯಬೇಕೆಂಬ ನಿಯಮವೇ ಬೈಂಡಿಂಗ್. ಚಿಪ್‌ನ ಹೆಸರು ಹೇಳುವಂತಿಲ್ಲ. ಪ್ರಶ್ನೆಗೆ ಅದರ ಅಗತ್ಯವೂ ಇಲ್ಲ.

ಈ ಪಿಎಂಯು 4 ಕಿಲೋಬೈಟ್ ಅಳತೆಯ ಒಂದೇ ರಿಜಿಸ್ಟರ್ ಪ್ರದೇಶ. ಅದು 11 ಪವರ್ ಡೊಮೈನ್‌ಗಳನ್ನು, ಅಂದರೆ ಚಿಪ್‌ನಲ್ಲಿ ಪ್ರತ್ಯೇಕವಾಗಿ ಆನ್-ಆಫ್ ಮಾಡಬಹುದಾದ ಭಾಗಗಳನ್ನು, ನಿಯಂತ್ರಿಸುತ್ತದೆ. ಅವುಗಳಲ್ಲಿ 4 ಸಿಪಿಯು ಕೋರ್‌ಗಳಿಗೆ ಸೇರಿದವು. ಒಂದು ರಿಜಿಸ್ಟರ್‌ನಲ್ಲಿ ಪ್ರತಿ ಡೊಮೈನ್‌ಗೂ ಒಂದೊಂದು ಬಿಟ್ ಇದ್ದು, ಅಲ್ಲಿ 1 ಬರೆದರೆ ಆ ಡೊಮೈನ್ ಆಫ್ ಆಗುತ್ತದೆ. ನಿಜವಾಗಿಯೂ ಆಫ್ ಆಯಿತೇ ಎಂಬುದನ್ನು ಇನ್ನೊಂದು ರಿಜಿಸ್ಟರ್ ಓದಿ ತಿಳಿಯಬೇಕು. ಆಫ್ ಮಾಡುವ ಮೊದಲು ಬಸ್ಸಿನ (ಚಿಪ್‌ನೊಳಗಿನ ದತ್ತಾಂಶ ಮಾರ್ಗದ) ಆ ಕವಲನ್ನು ಸ್ತಬ್ಧಗೊಳಿಸಲು ಮೂರನೆಯ ರಿಜಿಸ್ಟರ್ ಇದೆ. ಹಿಂದಿನ ರೀಸೆಟ್ ಯಾವ ಕಾರಣಕ್ಕೆ ಆಯಿತೆಂದು ತಿಳಿಸುವ ರಿಜಿಸ್ಟರ್ ಕೂಡ ಇದೇ ಪ್ರದೇಶದಲ್ಲಿದೆ. ವಿಡಿಯೊ ಡೊಮೈನ್ ಆನ್ ಆಗುವಾಗ ಎರಡು ಕ್ಲಾಕ್‌ಗಳು ಓಡುತ್ತಿರಲೇಬೇಕು. ಜಿಪಿಯುಗೆ ಹೊರಗಿನ ಪಿಎಂಐಸಿಯಿಂದ (ವೋಲ್ಟೇಜ್‌ಗಳನ್ನು ಒದಗಿಸುವ ಬೇರೊಂದು ಚಿಪ್) ಪ್ರತ್ಯೇಕ ವೋಲ್ಟೇಜ್ ಬರುತ್ತದೆ.

ನನ್ನ ಮೊದಲ ಕರಡಿನಲ್ಲಿ 11 ಡೊಮೈನ್‌ಗಳಿಗೆ 11 ನೋಡ್‌ಗಳಿದ್ದವು. ಪ್ರತಿಯೊಂದರಲ್ಲೂ ರಿಜಿಸ್ಟರ್ ಆಫ್‌ಸೆಟ್, ಬಿಟ್ ಸಂಖ್ಯೆ, ಆನ್ ಆಗಲು ಕಾಯಬೇಕಾದ ಮೈಕ್ರೊಸೆಕೆಂಡ್‌ಗಳು, ಎಲ್ಲವನ್ನೂ ನಮ್ಮದೇ ಪ್ರಾಪರ್ಟಿಗಳನ್ನಾಗಿ ಇಟ್ಟಿದ್ದೆ. ಹೀಗಾಗಿ ಡ್ರೈವರ್ ಬಹಳ ಚಿಕ್ಕದಾಗಿತ್ತು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ತಂಡದ ಹಿರಿಯರೊಬ್ಬರು ಅದನ್ನು ನೋಡಿ, ಇದು ಹಾರ್ಡ್‌ವೇರ್‌ನ ವಿವರಣೆಯಲ್ಲ, ಡ್ರೈವರ್‌ನೊಳಗಿನ ಕೋಷ್ಟಕವನ್ನು ಡಿಟಿಎಸ್‌ಗೆ (ಡಿವೈಸ್ ಟ್ರೀಯ ಮೂಲ ಫೈಲ್‌ಗೆ) ಎತ್ತಿಟ್ಟದ್ದು ಎಂದು ಹಿಂತಿರುಗಿಸಿದರು. ಆದರೆ ರಾಕ್‌ಚಿಪ್ ಆರ್‌ಕೆ3399, ಆಪಲ್ ಎಂ1 ಎರಡೂ ಚಿಪ್‌ಗಳಲ್ಲಿ ಡೊಮೈನ್‌ಗೊಂದು ನೋಡ್ ಇರುವುದು ಕಣ್ಣಿಗೆ ಕಾಣುತ್ತಿದೆ. ಅಲ್ಲಿ ಸಲ್ಲುವುದು ನನ್ನ ಕರಡಿನಲ್ಲಿ ಏಕೆ ಸಲ್ಲದು?

ಇನ್ನೊಂದು ತೊಡಕು. 6.6 ಕರ್ನಲ್‌ನಲ್ಲಿ ಹೊಸ ಡ್ರೈವರ್ ಸೇರಿಸಿದ ಮೇಲೆ ಬೂಟ್‌ನ ಕೊನೆಯ ಹಂತದಲ್ಲಿ ಸೀರಿಯಲ್ ಕನ್ಸೋಲ್ ಸಾಲಿನ ನಡುವೆಯೇ ನಿಂತುಹೋಗುತ್ತದೆ. ಅರ್ಧ ಪದ ಮೂಡಿರುತ್ತದೆ, ಮುಂದೆ ಏನೂ ಇಲ್ಲ. ಆ ಕನ್ಸೋಲ್ ನಡೆಸುವ ಯುಎಆರ್‌ಟಿಯ (ಸೀರಿಯಲ್ ಪೋರ್ಟ್‌ನ) ನೋಡ್‌ಗೆ ನಾನು, ಸಾಧನ ಯಾವ ಡೊಮೈನ್‌ನಲ್ಲಿದೆ ಎಂದು ಹೇಳುವ ಪವರ್-ಡೊಮೈನ್ಸ್ ಪ್ರಾಪರ್ಟಿಯನ್ನು ಕೊಟ್ಟಿಲ್ಲ, ಏಕೆಂದರೆ ಅದನ್ನು ಬೂಟ್‌ಲೋಡರ್ ಮೊದಲೇ ಆನ್ ಮಾಡಿರುತ್ತದೆ. ಆದ್ದರಿಂದ ಅದಕ್ಕೂ ನನ್ನ ಡ್ರೈವರ್‌ಗೂ ಸಂಬಂಧವೇ ಇರಬಾರದು.

ಉತ್ತರ 1: ಕರ್ನಲ್‌ಕೂಲಿ

ನಿಮ್ಮ ಹಿರಿಯರು ಹೇಳಿದ್ದು ಸರಿ. ಬೈಂಡಿಂಗ್ ಬರೆಯುವಾಗ ಮೊದಲು ನೆನಪಿಡಬೇಕಾದದ್ದು ಅದು ಶಾಶ್ವತ ಒಪ್ಪಂದ ಎಂಬುದನ್ನು. ಇಂದು ಒಂದು ಬೋರ್ಡಿನ ಫ್ಲ್ಯಾಶ್‌ನಲ್ಲಿ ಕುಳಿತ ಡಿಟಿಬಿ (ಡಿಟಿಎಸ್‌ನಿಂದ ತಯಾರಾದ ಬೈನರಿ ಫೈಲ್) ಐದು ವರ್ಷಗಳ ನಂತರದ ಕರ್ನಲ್‌ನಲ್ಲಿಯೂ ಕೆಲಸ ಮಾಡಬೇಕು. ಕಾಯುವ ಅವಧಿ 10 ಮೈಕ್ರೊಸೆಕೆಂಡ್ ಸಾಲದು, 25 ಬೇಕು ಎಂದು ನಾಳೆ ಗೊತ್ತಾದರೆ, ಆ ಸಂಖ್ಯೆ ಡ್ರೈವರ್‌ನಲ್ಲಿದ್ದರೆ ಒಂದು ಸಾಲಿನ ಪ್ಯಾಚ್‌ನಲ್ಲಿ ಕೆಲಸ ಮುಗಿಯುತ್ತದೆ. ಡಿಟಿಎಸ್‌ನಲ್ಲಿದ್ದರೆ ಆಗಲೇ ಹೊರಗೆ ಹೋದ ಬೋರ್ಡುಗಳ ಹಿಂದೆ ಅಲೆಯಬೇಕಾಗುತ್ತದೆ.

ಕಂಪ್ಯಾಟಿಬಲ್ ಸ್ಟ್ರಿಂಗ್ ಇರುವುದೇ ಇದಕ್ಕಾಗಿ. "ಇದು ಇಂಥ ಚಿಪ್‌ನ ಪಿಎಂಯು" ಎಂದು ಹೇಳಿದ ಕ್ಷಣ ಆಫ್‌ಸೆಟ್, ಬಿಟ್, ಕಾಯುವ ಅವಧಿ ಎಲ್ಲವೂ ಡ್ರೈವರ್‌ಗೆ ಗೊತ್ತಾಗಿಬಿಡುತ್ತವೆ. ಅವು ಆ ಚಿಪ್‌ನಲ್ಲಿ ಬೋರ್ಡಿನಿಂದ ಬೋರ್ಡಿಗೆ ಬದಲಾಗುವುದಿಲ್ಲ. ಹಾಗಾಗಿ ಆ ಸ್ಟ್ರಿಂಗ್‌ನಲ್ಲಿ ಚಿಪ್‌ನ ಪೂರ್ತಿ ಹೆಸರಿರಲಿ, ಇಡೀ ಕುಟುಂಬಕ್ಕೆ ಅನ್ವಯಿಸುವ "ಎಕ್ಸ್" ಅಕ್ಷರಗಳ ಹೆಸರು ಬೇಡ.

ನನ್ನ ಸಲಹೆ ಒಂದೇ ನೋಡ್. ಡೊಮೈನನ್ನು ಸೂಚಿಸಲು ಹ್ಯಾಂಡಲ್ (ನೋಡ್‌ನ ಗುರುತು) ಜೊತೆಗೆ ಎಷ್ಟು ಸಂಖ್ಯೆಗಳು ಬೇಕೆಂದು ಹೇಳುವ ಪವರ್-ಡೊಮೈನ್-ಸೆಲ್ಸ್ ಮೌಲ್ಯ 1 ಇರಲಿ. ಡೊಮೈನ್ ಸಂಖ್ಯೆಗಳನ್ನು ಡಿಟಿ-ಬೈಂಡಿಂಗ್ಸ್ ಕೆಳಗಿನ ಹೆಡರ್ ಫೈಲ್‌ನಲ್ಲಿ ಇಡಿ. ಬಳಸುವ ಸಾಧನಗಳು ಪಿಎಂಯುವಿನ ಹ್ಯಾಂಡಲ್ ಜೊತೆಗೆ ಆ ಸಂಖ್ಯೆಯನ್ನು ಕೊಟ್ಟರೆ ಸಾಕು. ಹೆಡರ್‌ನಲ್ಲಿ ಬಿಟ್ ಸ್ಥಾನಗಳನ್ನಾಗಲಿ ಆಫ್‌ಸೆಟ್‌ಗಳನ್ನಾಗಲಿ ಹಾಕಬೇಡಿ. ಅಲ್ಲಿರಬೇಕಾದದ್ದು 0ಯಿಂದ ಆರಂಭವಾಗುವ ಕ್ರಮಸಂಖ್ಯೆಗಳು ಮಾತ್ರ, ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೆ ಬದಲಿಸುವಂತಿಲ್ಲ. ರೀಸೆಟ್ ಕಾರಣದ ರಿಜಿಸ್ಟರ್‌ಗೆ ಪ್ರತ್ಯೇಕ ಮಗು ನೋಡ್ ಬೇಡ. ಅದಕ್ಕೆ ತನ್ನದೇ ಆದ ಕ್ಲಾಕ್ ಇಲ್ಲ, ಇಂಟರಪ್ಟ್ ಇಲ್ಲ. ಲಿನಕ್ಸ್‌ನಲ್ಲಿ ಅದಕ್ಕೊಂದು ಬೇರೆ ಡ್ರೈವರ್ ಬರೆಯುವ ಮನಸ್ಸಿದೆ ಎಂಬುದು ನೋಡ್ ಹುಟ್ಟಿಸಲು ಕಾರಣವಾಗುವುದಿಲ್ಲ.

ಉತ್ತರ 2: ಎಂಒನ್_ಮನೆಯವ

ಉತ್ತರ 1ರ ತತ್ವವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿಯಾಗಿ ಒಪ್ಪಲಾರೆ. ಪ್ರಶ್ನೆಯಲ್ಲೇ ಎರಡು ಮಾತುಗಳಿವೆ: ವಿಡಿಯೊ ಡೊಮೈನ್‌ಗೆ ಎರಡು ಕ್ಲಾಕ್, ಜಿಪಿಯು ಡೊಮೈನ್‌ಗೆ ಹೊರಗಿನ ವೋಲ್ಟೇಜ್. ಒಂದೇ ನೋಡ್ ಇದ್ದರೆ ಈ ಸಂಬಂಧಗಳನ್ನು ಎಲ್ಲಿ ಬರೆಯುತ್ತೀರಿ? ಪಿಎಂಯು ನೋಡ್‌ನಲ್ಲೇ ಉದ್ದದ ಕ್ಲಾಕ್ ಪಟ್ಟಿ ಕೊಟ್ಟು, ಅವುಗಳ ಹೆಸರಿನಲ್ಲಿ ಡೊಮೈನ್‌ನ ಗುರುತು ತುರುಕಬೇಕಾಗುತ್ತದೆ. ಅದೂ ಚಂದವಲ್ಲ.

ಆರ್‌ಕೆ3399ರಲ್ಲಿ ಮಗು ನೋಡ್‌ಗಳು ಏಕಿವೆ ಎಂದು ನೋಡಿದರೆ ಗೆರೆ ಎಲ್ಲಿ ಎಳೆಯಬೇಕೆಂಬುದು ತಿಳಿಯುತ್ತದೆ. ಅಲ್ಲಿ ಪಿಎಂಯು ನೋಡ್ ಸಿಸ್ಕಾನ್ (ಹಲವು ಡ್ರೈವರ್‌ಗಳು ಹಂಚಿಕೊಳ್ಳುವ ರಿಜಿಸ್ಟರ್ ಪ್ರದೇಶ) ಆಗಿದ್ದು, ಅದರೊಳಗೆ ಪವರ್-ಕಂಟ್ರೋಲರ್, ಅದರೊಳಗೆ ಡೊಮೈನ್‌ಗಳು. ಪ್ರತಿ ಡೊಮೈನ್‌ನ ರೆಗ್ (ಸಾಮಾನ್ಯವಾಗಿ ವಿಳಾಸ ಬರೆಯುವ ಪ್ರಾಪರ್ಟಿ) ಮೌಲ್ಯ ರಿಜಿಸ್ಟರ್ ವಿಳಾಸವಲ್ಲ, ಹೆಡರ್‌ನಲ್ಲಿರುವ ಕ್ರಮಸಂಖ್ಯೆ. ಬಿಟ್‌ಗಳು ಡ್ರೈವರ್‌ನಲ್ಲಿವೆ. ನೋಡ್‌ನಲ್ಲಿ ಉಳಿದಿರುವುದು ಕ್ಲಾಕ್‌ಗಳು ಮತ್ತು ಬಸ್ಸಿನ ಕ್ಯುಒಎಸ್ (ಬಸ್ಸಿನಲ್ಲಿ ಯಾರಿಗೆ ಆದ್ಯತೆ ಎಂದು ನಿರ್ಧರಿಸುವ) ಬ್ಲಾಕ್‌ಗಳ ಹ್ಯಾಂಡಲ್‌ಗಳು. ಡೊಮೈನ್ ಆಫ್ ಆದಾಗ ಆ ಕ್ಯುಒಎಸ್ ರಿಜಿಸ್ಟರ್‌ಗಳ ಮೌಲ್ಯ ಅಳಿಸಿಹೋಗುವುದರಿಂದ ಮೊದಲು ಉಳಿಸಿಟ್ಟು ಆಮೇಲೆ ಮರಳಿ ಬರೆಯಬೇಕಾಗುತ್ತದೆ. ಅಂದರೆ ಪಿಎಂಯುವಿನ ಗೋಡೆ ದಾಟಿ ಬೇರೊಂದು ಬ್ಲಾಕ್‌ಗೆ ಹೋಗುವ ತಂತಿಗಳು ಡಿವೈಸ್ ಟ್ರೀಯಲ್ಲಿವೆ, ಗೋಡೆಯ ಒಳಗಿನ ವಿಷಯ ಡ್ರೈವರ್‌ನಲ್ಲಿದೆ. ನಿಮ್ಮ ಕರಡಿನಲ್ಲಿ ತಪ್ಪಾದದ್ದು ನೋಡ್‌ಗಳ ಸಂಖ್ಯೆಯಲ್ಲ, ಒಳಗಿನದನ್ನು ಹೊರಗೆ ಹಾಕಿದ್ದು.

ಎಂ1ರ ಕತೆ ಬೇರೆ. ಅಲ್ಲಿ ಪ್ರತಿ ಡೊಮೈನ್‌ಗೂ ನಿಜವಾಗಿಯೇ ತನ್ನದೇ 32 ಬಿಟ್ ರಿಜಿಸ್ಟರ್ ಇದೆ, ಮತ್ತು ಎಲ್ಲ ರಿಜಿಸ್ಟರ್‌ಗಳ ರಚನೆಯೂ ಒಂದೇ: ಕೆಳಗಿನ 4 ಬಿಟ್‌ಗಳಲ್ಲಿ ನಾವು ಬಯಸುವ ಸ್ಥಿತಿ, ನಂತರದ 4 ಬಿಟ್‌ಗಳಲ್ಲಿ ಈಗಿರುವ ಸ್ಥಿತಿ. 15 ಬರೆದರೆ ಪೂರ್ತಿ ಆನ್, 4 ಬರೆದರೆ ಕ್ಲಾಕ್ ಮಾತ್ರ ನಿಲ್ಲುತ್ತದೆ, 0 ಬರೆದರೆ ವಿದ್ಯುತ್ತೇ ಕಡಿತ. ತುತ್ತತುದಿಯ 31ನೆಯ ಬಿಟ್ ರೀಸೆಟ್, ಹಾಗಾಗಿ ಅದೇ ನೋಡ್ ರೀಸೆಟ್ ಒದಗಿಸುವುದೂ ಆಗಿದೆ. ಇಂಥ ನೂರಕ್ಕೂ ಹೆಚ್ಚು ರಿಜಿಸ್ಟರ್‌ಗಳಿವೆ. ಎಸ್‌ಐಒ ಎಂಬ ಡೊಮೈನ್ ಆನ್ ಇದ್ದರೆ ಮಾತ್ರ ಯುಎಆರ್‌ಟಿಗಳ ಸಾಮಾನ್ಯ ಡೊಮೈನ್, ಅದು ಆನ್ ಇದ್ದರೆ ಮಾತ್ರ ಯುಎಆರ್‌ಟಿ0, ಹೀಗೆ ಒಂದರ ಮೇಲೊಂದು ಅವಲಂಬನೆ. ಈ ಮರ ಚಿಪ್‌ನಿಂದ ಚಿಪ್‌ಗೆ ಬದಲಾಗುತ್ತದೆ, ರಿಜಿಸ್ಟರ್‌ನ ರಚನೆ ಬದಲಾಗುವುದಿಲ್ಲ. ಹೀಗಿರುವಾಗ ಆಫ್‌ಸೆಟ್ ರೆಗ್‌ನಲ್ಲಿಯೇ ಬರುವುದು, ತಂದೆ ಡೊಮೈನ್ ಪವರ್-ಡೊಮೈನ್ಸ್ ಪ್ರಾಪರ್ಟಿಯಲ್ಲಿ ಬರುವುದು ಸಹಜ. ಆ ನೋಡ್‌ಗಳ ಪವರ್-ಡೊಮೈನ್-ಸೆಲ್ಸ್ ಮೌಲ್ಯ 0. ನಿಮ್ಮ ಚಿಪ್‌ನಲ್ಲಿ 11 ಡೊಮೈನ್‌ಗಳೂ ಮೂರೇ ರಿಜಿಸ್ಟರ್‌ಗಳನ್ನು ಹಂಚಿಕೊಂಡಿವೆ. ಹಂಚಿಕೊಂಡ ರಿಜಿಸ್ಟರ್‌ನ ಒಂದು ಬಿಟ್‌ಗೆ ರೆಗ್ ಎಂದು ಹೆಸರಿಡುವುದು ವಠಾರದ ಒಂದು ಗೋಡೆಗೆ ಮನೆ ನಂಬರ್ ಕೊಟ್ಟಂತೆ.

ಚಿಪ್‌ಬಡಗಿ

ಇಬ್ಬರಿಗೂ ಧನ್ಯವಾದಗಳು. ಗೆರೆ ಎಲ್ಲಿದೆ ಎಂಬುದು ಈಗ ಸ್ಪಷ್ಟವಾಯಿತು; ಆರ್‌ಕೆ3399ರ ರೀತಿಯಲ್ಲಿ ಮಗು ನೋಡ್‌ಗಳನ್ನು ಇಟ್ಟು, ರೆಗ್‌ನಲ್ಲಿ ಕ್ರಮಸಂಖ್ಯೆ ಮಾತ್ರ ಕೊಡುತ್ತೇನೆ. ಮೂರು ಅನುಮಾನಗಳು ಉಳಿದಿವೆ. ಸಿಪಿಯು ಕೋರ್‌ಗಳ 4 ಡೊಮೈನ್‌ಗಳನ್ನು ಬರೆಯಬೇಕೇ? ಜಿಪಿಯು ವೋಲ್ಟೇಜನ್ನು ಡೊಮೈನ್ ನೋಡ್‌ಗೆ ಕೊಡಬೇಕೇ, ಜಿಪಿಯು ನೋಡ್‌ಗೇ ಕೊಡಬೇಕೇ? ಕನ್ಸೋಲ್ ವಿಷಯದಲ್ಲಿ, ಬಳಕೆಯಲ್ಲಿಲ್ಲದ ಡೊಮೈನ್‌ಗಳನ್ನು ಬೂಟ್‌ನ ಕೊನೆಯಲ್ಲಿ ಆಫ್ ಮಾಡಬೇಡ ಎನ್ನುವ ಪಿಡಿ_ಇಗ್ನೋರ್_ಅನ್‌ಯೂಸ್ಡ್ ಎಂಬ ಬೂಟ್ ಪ್ಯಾರಾಮೀಟರ್ ಕೊಟ್ಟರೆ ಲಾಗಿನ್ ಪ್ರಾಂಪ್ಟ್‌ವರೆಗೆ ತಲುಪುತ್ತದೆ. ಅದನ್ನೇ ಖಾಯಂ ಮಾಡಿಬಿಡಬಹುದೇ?

ಉತ್ತರ 3: ಕರ್ನಲ್‌ಕೂಲಿ

ಉತ್ತರ 2ನ್ನು ಓದಿದ ಮೇಲೆ ನನ್ನ "ಒಂದೇ ನೋಡ್" ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪ್ರಶ್ನೆಯಲ್ಲಿದ್ದ ಕ್ಲಾಕ್‌ಗಳ ಸಾಲನ್ನು ನಾನು ಹಾರಿಸಿ ಓದಿದ್ದೆ.

ಕನ್ಸೋಲ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಅದೂ ಮೊದಲ ಪ್ರಶ್ನೆಯ ಇನ್ನೊಂದು ಮುಖವೇ. "ಬೂಟ್‌ಲೋಡರ್ ಆನ್ ಮಾಡಿರುತ್ತದೆ, ಆದ್ದರಿಂದ ಪ್ರಾಪರ್ಟಿ ಬೇಡ" ಎಂದಿದ್ದೀರಿ. ಯಾರು ಆನ್ ಮಾಡಿದರು ಎಂಬುದು ಆ ಗಳಿಗೆಯ ಸ್ಥಿತಿ. ಯುಎಆರ್‌ಟಿ ಯಾವ ಡೊಮೈನ್‌ನೊಳಗೆ ಕುಳಿತಿದೆ ಎಂಬುದು ಹಾರ್ಡ್‌ವೇರ್. ಡಿವೈಸ್ ಟ್ರೀಯಲ್ಲಿ ಬರೆಯಬೇಕಾದದ್ದು ಎರಡನೆಯದು. ನೀವು ಬರೆಯದೇ ಬಿಟ್ಟದ್ದರಿಂದ ಪವರ್ ಡೊಮೈನ್‌ಗಳನ್ನು ನೋಡಿಕೊಳ್ಳುವ ಕರ್ನಲ್‌ನ ಜೆನ್‌ಪಿಡಿ ವ್ಯವಸ್ಥೆಗೆ ಆ ಡೊಮೈನ್‌ನಲ್ಲಿ ಯಾರೂ ವಾಸವಿಲ್ಲ ಎಂದು ಕಂಡಿತು. ಬೂಟ್‌ನ ಕೊನೆಯಲ್ಲಿ ಬಳಕೆಯಲ್ಲಿಲ್ಲದ ಡೊಮೈನ್‌ಗಳನ್ನು ಆಫ್ ಮಾಡುವ ಹೊತ್ತಿಗೆ ಅದನ್ನೂ ಆಫ್ ಮಾಡಿತು. ಅರ್ಧ ಪದ ಉಳಿದದ್ದು ಅದಕ್ಕೇ. ಡಿಬಗ್‌ಎಫ್‌ಎಸ್ (ಕರ್ನಲ್ ತನ್ನ ಒಳಸ್ಥಿತಿಯನ್ನು ತೋರಿಸುವ ಫೈಲ್‌ಗಳ ವ್ಯವಸ್ಥೆ) ಕೆಳಗಿನ ಪಿಎಂ_ಜೆನ್‌ಪಿಡಿ_ಸಮ್ಮರಿ ಫೈಲನ್ನು ತೆರೆದು ನೋಡಿ: ಯುಎಆರ್‌ಟಿಯ ಡೊಮೈನ್ ಎದುರು ಒಂದು ಸಾಧನವೂ ಕಾಣಿಸುವುದಿಲ್ಲ.

ಆ ಬೂಟ್ ಪ್ಯಾರಾಮೀಟರ್ ರೋಗ ಪತ್ತೆಗೆ ಒಳ್ಳೆಯದು, ಔಷಧವಲ್ಲ. ನಾಳೆ ಅದೇ ಡೊಮೈನ್‌ಗೆ ಒಂದು ಐ2ಸಿ (ಚಿಪ್‌ಗಳ ನಡುವಿನ ಸರಳ ಎರಡು ತಂತಿಯ ಸಂಪರ್ಕ) ಕಂಟ್ರೋಲರ್ ಸೇರಿಸಿದರೆ, ಅದು ಕೆಲಸವಿಲ್ಲದೆ ಸುಮ್ಮನಾದಾಗ, ಸುಮ್ಮನಿರುವ ಸಾಧನಗಳ ವಿದ್ಯುತ್ ಉಳಿಸುವ ಕರ್ನಲ್‌ನ ರನ್‌ಟೈಮ್ ಪಿಎಂ ವ್ಯವಸ್ಥೆ ಡೊಮೈನನ್ನು ಆಫ್ ಮಾಡುತ್ತದೆ. ಆಗ ಈ ಪ್ಯಾರಾಮೀಟರ್ ಇದ್ದೂ ಕನ್ಸೋಲ್ ಸಾಯುತ್ತದೆ. ಯುಎಆರ್‌ಟಿ ನೋಡ್‌ಗೆ ಪ್ರಾಪರ್ಟಿಯನ್ನು ಕೊಡಿ. ಒಂದೇ ಡೊಮೈನ್ ಇರುವ ಸಾಧನವನ್ನು ಪ್ರೋಬ್‌ಗೆ (ಡ್ರೈವರ್ ಸಾಧನವನ್ನು ವಹಿಸಿಕೊಳ್ಳುವ ಹಂತಕ್ಕೆ) ಮೊದಲು ಡೊಮೈನ್‌ಗೆ ಜೋಡಿಸುವ ಕೆಲಸವನ್ನು ಕರ್ನಲ್‌ನ ಪ್ಲಾಟ್‌ಫಾರ್ಮ್ ಬಸ್ ಭಾಗ ತಾನೇ ಮಾಡುತ್ತದೆ, ಯುಎಆರ್‌ಟಿ ಡ್ರೈವರನ್ನು ಮುಟ್ಟಬೇಕಿಲ್ಲ. ಎರಡು ಅಥವಾ ಹೆಚ್ಚು ಡೊಮೈನ್‌ಗಳಿರುವ ಸಾಧನವಾದರೆ ಮಾತ್ರ ಹೆಸರು ಕೊಟ್ಟು, ಡ್ರೈವರ್‌ನಲ್ಲಿಯೇ ಒಂದೊಂದಾಗಿ ಜೋಡಿಸಬೇಕು.

ಸಿಪಿಯು ಡೊಮೈನ್‌ಗಳಿಗೆ ಹೆಡರ್‌ನಲ್ಲಿ ಕ್ರಮಸಂಖ್ಯೆ ಇರಲಿ. ಆರ್‌ಕೆ3399ರ ಹೆಡರ್‌ನಲ್ಲಿಯೂ ಎ53, ಎ72 ಕೋರ್‌ಗಳಿಗೆ ಸಂಖ್ಯೆಗಳಿವೆ. ಆದರೆ ಕೋರ್‌ಗಳನ್ನು ಆನ್-ಆಫ್ ಮಾಡುವುದು ಪಿಎಸ್‌ಸಿಐ (ಅದಕ್ಕೆಂದೇ ಇರುವ ಆರ್ಮ್‌ನ ಫರ್ಮ್‌ವೇರ್ ಮಾನಕ) ಮೂಲಕ ಫರ್ಮ್‌ವೇರ್ ಆಗಿದ್ದರೆ, ಲಿನಕ್ಸ್ ಕೂಡ ಅದೇ ಬಿಟ್‌ಗೆ ಕೈ ಹಾಕಬಾರದು. ಒಂದು ಸ್ವಿಚ್‌ಗೆ ಇಬ್ಬರು ಯಜಮಾನರು ಬೇಡ.

ಜಿಪಿಯು ವೋಲ್ಟೇಜ್ ವಿಷಯದಲ್ಲಿ ಎಚ್ಚರ ಬೇಕು. ಚಿಪ್‌ನೊಳಗಿನ ಪವರ್ ಸ್ವಿಚ್ ಬೇರೆ, ಹೊರಗಿನ ರೆಗ್ಯುಲೇಟರ್ ಬೇರೆ. ಡೊಮೈನ್ ಆನ್ ಆಗಲೇ ಆ ವೋಲ್ಟೇಜ್ ಬೇಕೆಂದಿದ್ದರೆ ಅದು ಡೊಮೈನ್‌ನ ಅಗತ್ಯ, ಆದ್ದರಿಂದ ಡೊಮೈನ್ ನೋಡ್‌ಗೇ ಕೊಡಿ. ಮೀಡಿಯಾಟೆಕ್ ಬೈಂಡಿಂಗ್‌ನಲ್ಲಿ ಇದಕ್ಕೆ ಡೊಮೈನ್-ಸಪ್ಲೈ ಎಂಬ ಪ್ರಾಪರ್ಟಿ ಇದೆ, ಹೊಸ ಹೆಸರು ಹುಟ್ಟಿಸಬೇಡಿ. ಆದರೆ ನಿಮ್ಮ ಪಿಎಂಐಸಿ ಐ2ಸಿ ಮೇಲಿದೆಯೇ ನೋಡಿ. ಹಾಗಿದ್ದರೆ ಪಿಎಂಯು ಡ್ರೈವರ್ ಪ್ರೋಬ್ ಆಗಲು ರೆಗ್ಯುಲೇಟರ್‌ಗಾಗಿ ಕಾಯುತ್ತದೆ, ರೆಗ್ಯುಲೇಟರ್ ಐ2ಸಿ ಕಂಟ್ರೋಲರ್‌ಗಾಗಿ ಕಾಯುತ್ತದೆ, ಐ2ಸಿ ಕಂಟ್ರೋಲರ್ ತನ್ನ ಡೊಮೈನ್‌ಗಾಗಿ ಪಿಎಂಯುವಿಗೇ ಕಾಯುತ್ತದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರೆ ಬೂಟ್ ಮುಂದೆ ಹೋಗುವುದಿಲ್ಲ. ಇದನ್ನು ಡಿವೈಸ್ ಟ್ರೀಯಲ್ಲಿ ತಿರುಚಿ ಸರಿಪಡಿಸಬೇಡಿ, ವಿವರಣೆ ಸರಿಯಾಗಿಯೇ ಇದೆ. ರೆಗ್ಯುಲೇಟರನ್ನು ಪ್ರೋಬ್ ಹಂತದಲ್ಲಿ ಕೇಳದೆ, ಜಿಪಿಯು ಡೊಮೈನನ್ನು ಮೊದಲ ಬಾರಿಗೆ ಆನ್ ಮಾಡುವಾಗ ಕೇಳುವಂತೆ ಡ್ರೈವರನ್ನು ಬರೆಯಿರಿ.

ಕಳಿಸುವ ಮೊದಲು ಬೈಂಡಿಂಗ್ ಬರೆದ ಯಾಮಲ್ ಫೈಲನ್ನು ಕರ್ನಲ್‌ನ ಮೇಕ್ ಆಜ್ಞೆಗಳಾದ ಡಿಟಿ_ಬೈಂಡಿಂಗ್_ಚೆಕ್‌ನಿಂದಲೂ, ನಿಮ್ಮ ಡಿಟಿಎಸ್ ಅನ್ನು ಡಿಟಿಬಿಎಸ್_ಚೆಕ್‌ನಿಂದಲೂ ಪರೀಕ್ಷಿಸಿ. ಬೈಂಡಿಂಗ್ ಪ್ರತ್ಯೇಕ ಪ್ಯಾಚ್ ಆಗಿರಲಿ, ಡ್ರೈವರ್‌ಗಿಂತ ಮೊದಲು ಬರಲಿ. ನೋಡ್‌ಗಳ ಹೆಸರು ಪವರ್-ಕಂಟ್ರೋಲರ್ ಅಥವಾ ಪವರ್-ಡೊಮೈನ್ ಎಂದೇ ಆರಂಭವಾಗಬೇಕು, ಬೇರೆ ಹೆಸರಿಟ್ಟರೆ ಎಲ್ಲ ಪವರ್ ಡೊಮೈನ್ ಬೈಂಡಿಂಗ್‌ಗಳಿಗೂ ಅನ್ವಯಿಸುವ ಸಾಮಾನ್ಯ ಸ್ಕೀಮಾ (ನಿಯಮಗಳ ಫೈಲ್) ಅಲ್ಲಿಯೇ ತಡೆಯುತ್ತದೆ.

ಚಿಪ್‌ಬಡಗಿ

ಯುಎಆರ್‌ಟಿ ನೋಡ್‌ಗೆ ಪವರ್-ಡೊಮೈನ್ಸ್ ಸೇರಿಸಿ, ಬೂಟ್ ಪ್ಯಾರಾಮೀಟರ್ ತೆಗೆದುಹಾಕಿದೆ. ಕನ್ಸೋಲ್ ನಿಲ್ಲಲಿಲ್ಲ. ಪಿಎಂಐಸಿ ಐ2ಸಿ ಮೇಲೆಯೇ ಇದೆ, ಅದೂ ಯುಎಆರ್‌ಟಿ ಇರುವ ಡೊಮೈನ್‌ನಲ್ಲಿಯೇ; ಹಾಗಾಗಿ ನೀವು ಹೇಳಿದ ಸುತ್ತು ಪೂರ್ತಿಯಾಗಿ ನನ್ನ ಬೋರ್ಡಿನಲ್ಲಿದೆ. ರೆಗ್ಯುಲೇಟರ್ ಕೇಳುವ ಸಾಲುಗಳನ್ನು ಈಗ ಪ್ರೋಬ್‌ನಿಂದ ಹೊರಗೆ ತೆಗೆಯುತ್ತಿದ್ದೇನೆ.