ಮುಂಬದಿಯ ಕಾಂಪೋಸಿಟ್ ಹಳದಿಗಟ್ಟಿದೆ: ಪಾಲಿಶ್ ಸಾಕೇ, ತೆಗೆದು ಹೊಸದಾಗಿ ಹಾಕಬೇಕೇ?

ಪ್ರಶ್ನೆ

ನನ್ನ ಬಳಿ ಬಂದಿರುವ ರೋಗಿಯೊಬ್ಬರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳ ಸಂದನ್ನು ಸುಮಾರು ಎರಡು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಎ2 ಶೇಡಿನ (ಹಲ್ಲಿನ ಬಣ್ಣದ ಒಂದು ಛಾಯೆ), ಬೆಳಕು ಹಾಯಿಸಿದಾಗ ಗಟ್ಟಿಯಾಗುವ ತುಂಬಿಕೆಯಾದ ಕಾಂಪೋಸಿಟ್‌ನಿಂದ ಮುಚ್ಚಲಾಗಿದೆ. ಈಗ ಬಲ ಹಲ್ಲಿನ ತುಂಬಿಕೆಯ ಅಂಚಿನಲ್ಲಿ ಕಂದು ಗೆರೆ ಮೂಡಿದ್ದರೆ, ಎಡ ಹಲ್ಲಿನದು ಇಡಿಯಾಗಿ ಹಳದಿಗೆ ತಿರುಗಿ ಹೊಳಪು ಕಳೆದುಕೊಂಡಿದೆ. ಅವರು ದಿನಕ್ಕೆ ಹಲವು ಲೋಟ ಕಾಫಿ ಕುಡಿಯುತ್ತಾರೆ. ಒಸಡಿನ ಚಿಕಿತ್ಸೆಯ ನಂತರ ಕೆಲವು ವಾರ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿದ್ದರು. ಪಕ್ಕದ ಹಲ್ಲಿಗೆ ಲಿಥಿಯಂ ಡೈಸಿಲಿಕೇಟ್ ಕ್ರೌನ್ (ಪಿಂಗಾಣಿಯಂಥ ವಸ್ತುವಿನ ಹೊದಿಕೆ) ಇದ್ದು, ಕಚ್ಚುವಿಕೆ ಸರಿಪಡಿಸಲು ಉಜ್ಜಿದ ಜಾಗದಲ್ಲಿ ಅದೂ ಮಂಕಾಗಿದೆ. ಎಲ್ಲವನ್ನೂ ಬದಲಿಸುವ ಮುನ್ನ ಏನನ್ನು ಪರೀಕ್ಷಿಸಬೇಕು?

ಉತ್ತರ

ದಯವಿಟ್ಟು ಈಗಲೇ ಬರ್ (ಕೊರೆಯುವ ಉಪಕರಣ) ಕೈಗೆತ್ತಿಕೊಳ್ಳಬೇಡಿ. ನೀವು ವಿವರಿಸಿದ ಎರಡು ತುಂಬಿಕೆಗಳ ತೊಂದರೆ ಒಂದೇ ಅಲ್ಲವೆಂದು ನನಗೆ ತೋರುತ್ತದೆ. ಕ್ಲೋರ್‌ಹೆಕ್ಸಿಡಿನ್ ಕಾಫಿ, ಚಹಾಗಳ ಬಣ್ಣದ ಅಂಶಗಳೊಡನೆ ಸೇರಿ ಮೇಲ್ಮೈಯಲ್ಲಿ ಕಂದು ಪದರವಾಗಿ ನಿಲ್ಲುತ್ತದೆ; ಪ್ಯೂಮಿಸ್ ಎಂಬ ಉಜ್ಜುವ ಪುಡಿಯಿಂದ ಶುಚಿಗೊಳಿಸಿದರೆ ಅದು ಹೆಚ್ಚಿನಂಶ ಹೋಗುತ್ತದೆ. ಆದ್ದರಿಂದ ಮೊದಲು ಶುಚಿಗೊಳಿಸಿ, ಹಲ್ಲು ಒದ್ದೆಯಾಗಿರುವಾಗಲೇ ಶೇಡ್ ನೋಡಿ. ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುವುದರಿಂದ, ಗಾಳಿಯೂದಿದ ಮೇಲೆ ಮಾಡಿದ ಹೋಲಿಕೆ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಆಮೇಲೂ ಕಲೆ ಉಳಿದರೆ ಮೇಲ್ಮೈಯನ್ನು ಅನುಮಾನಿಸಬೇಕು. ಸೆಲ್ಯುಲಾಯ್ಡ್ ಪಟ್ಟಿಯ ಕೆಳಗೆ ಗಟ್ಟಿಯಾದ ಮೇಲ್ಮೈ ಅತ್ಯಂತ ನುಣುಪಾಗಿರುತ್ತದೆಂದು ಅದನ್ನು ಹಾಗೆಯೇ ಬಿಡುವವರಿದ್ದಾರೆ. ಆದರೆ ಅಲ್ಲಿ ಫಿಲ್ಲರ್ (ಗಾಜಿನಂಥ ಸೂಕ್ಷ್ಮ ಕಣಗಳು) ಕಡಿಮೆ, ಅವನ್ನು ಹಿಡಿದಿಡುವ ಪ್ಲಾಸ್ಟಿಕ್‌ನಂಥ ರೆಸಿನ್ ಹೆಚ್ಚು. ರೆಸಿನ್ ನೀರನ್ನು ಹೀರುತ್ತದೆ, ನೀರಿನೊಡನೆ ಬಣ್ಣವೂ ಒಳಸೇರುತ್ತದೆ. ಹೀಗಾಗಿ ಮುಟ್ಟಿದರೆ ಗಾಜಿನಂತಿರುವ ಮೇಲ್ಮೈಯೇ ಬೇಗ ಕಲೆ ಹಿಡಿಯುವುದುಂಟು. ಪಾಲಿಶ್ ಮಾಡುವಾಗ ಅಲ್ಯೂಮಿನಿಯಂ ಆಕ್ಸೈಡ್ ಡಿಸ್ಕ್‌ಗಳನ್ನು ಒರಟಿನಿಂದ ಅತಿನಯದವರೆಗೆ ಕ್ರಮ ತಪ್ಪದೆ ಬಳಸಬೇಕು, ಏಕೆಂದರೆ ಒಂದು ಹಂತದ ಗೀರುಗಳನ್ನು ಅದರ ಮುಂದಿನ ಹಂತವಷ್ಟೇ ಚೆನ್ನಾಗಿ ಅಳಿಸಬಲ್ಲದು. ಸರಾಸರಿ ಒರಟುತನ 0.2 ಮೈಕ್ರೋಮೀಟರ್ ಮೀರಿದರೆ ಪ್ಲಾಕ್ (ಬ್ಯಾಕ್ಟೀರಿಯಾಗಳ ಅಂಟುಪೊರೆ) ಹೆಚ್ಚು ನಿಲ್ಲುತ್ತದೆ ಎಂಬುದು ನಮ್ಮ ಕ್ಷೇತ್ರದಲ್ಲಿ ಬಹುಕಾಲದಿಂದ ಒಪ್ಪಿಕೊಂಡಿರುವ ಅಳತೆ. ಒರಟಾದ ಮೇಲ್ಮೈ ಬೆಳಕನ್ನು ಚದುರಿಸುವುದರಿಂದ, ಕಲೆಯೇ ಇಲ್ಲದಿದ್ದರೂ ತುಂಬಿಕೆಯ ಬಣ್ಣ ಬದಲಾದಂತೆ ಕಾಣುತ್ತದೆ.

ಇಷ್ಟಾದ ಮೇಲೂ ಹಳದಿ ಉಳಿದರೆ ಅದು ಒಳಗಿನದು. ತುಂಬಿಕೆ ಬೆಳಕಿಗೆ ಗಟ್ಟಿಯಾಗಲೆಂದು ಅದರಲ್ಲಿ ಬೆರೆಸುವ ಕ್ಯಾಂಫರ್‌ಕ್ವಿನೋನ್ ಸ್ವತಃ ಹಳದಿ. ಅದರ ಜೊತೆಗಿರುವ ಸಹಾಯಕ ರಾಸಾಯನಿಕ ಅಮೀನ್ ಕಾಲಕ್ರಮದಲ್ಲಿ ಉತ್ಕರ್ಷಣೆಗೊಂಡು ಇನ್ನಷ್ಟು ಕಪ್ಪಾಗುತ್ತದೆ. ಬೆಳಕು ಸಾಲದೆ ಅರೆಬರೆ ಗಟ್ಟಿಯಾದ ತುಂಬಿಕೆಯಲ್ಲಿ ಈ ಬದಲಾವಣೆ ತೀವ್ರವಾಗಿರುತ್ತದೆ. ಇದಕ್ಕೆ ಯಾವ ಪಾಲಿಶ್ ಕೂಡ ಮದ್ದಲ್ಲ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ನೀವು ಹೇಳಿದ ಕ್ರಮದಲ್ಲೇ ಮಾಡಿದೆ. ಬಲ ಹಲ್ಲಿನ ಗೆರೆ ಡಿಸ್ಕ್‌ನಿಂದಲೇ ಹೋಯಿತು. ಅಂಚಿನಲ್ಲಿ ಬಾಂಡ್ (ತುಂಬಿಕೆಯನ್ನು ಹಲ್ಲಿಗೆ ಅಂಟಿಸುವ ದ್ರವ) ಮೀರಿ ಹರಿದಿದ್ದ ತೆಳುಪದರವೊಂದು ಅಲ್ಲಿತ್ತು. ಎಡ ಹಲ್ಲಿಗೆ ಹೊಳಪು ಮರಳಿತು, ಹಳದಿ ಮಾತ್ರ ಹಾಗೆಯೇ ಇದೆ. ಅದನ್ನು ಪೂರ್ತಿ ತೆಗೆಯುವುದು ಅನಿವಾರ್ಯವೇ?

ಉತ್ತರ

ಒಳಗೆ ಹುಳುಕಿಲ್ಲದೆ, ಅಂಚು ಭದ್ರವಾಗಿದ್ದರೆ ಅನಿವಾರ್ಯವಲ್ಲ. ಪ್ರತಿ ಬಾರಿ ಪೂರ್ತಿ ತೆಗೆಯುವಾಗಲೂ ಒಂದಷ್ಟು ಒಳ್ಳೆಯ ಎನಾಮಲ್ ಹೋಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ದುರಸ್ತಿಯ ಪರವಾಗಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಮುಂಬದಿಯ ಪದರವನ್ನಷ್ಟೇ ಕೆತ್ತಿ, 50 ಮೈಕ್ರೋಮೀಟರ್ ಅಲ್ಯೂಮಿನಾದಿಂದ ಒರಟುಗೊಳಿಸಿ, ಸಿಲೇನ್ (ಹಳೆಯ ಪದರಕ್ಕೆ ಹೊಸದನ್ನು ಬೆಸೆಯಲು ನೆರವಾಗುವ ದ್ರವ) ಮತ್ತು ಬಾಂಡ್ ಹಚ್ಚಿ ಹೊಸ ಪದರ ಕೊಡಿ. ಕೆಳಗಿನ ಹಳದಿ ಇಣುಕದಂತೆ ಮೊದಲು ತೆಳುವಾದ ಡೆಂಟಿನ್ ಶೇಡ್ (ಹೆಚ್ಚು ಅಪಾರದರ್ಶಕ), ಮೇಲೆ ಎನಾಮಲ್ ಶೇಡ್ (ಹೆಚ್ಚು ಪಾರದರ್ಶಕ) ಇಡುವುದು ಒಳ್ಳೆಯದು. ಲೈಟಿನ ತುದಿಯನ್ನು ಆದಷ್ಟು ಹತ್ತಿರ ಹಿಡಿಯಿರಿ. ಕೊನೆಯ ಕ್ಯೂರಿಂಗ್ (ಬೆಳಕಿನಿಂದ ಗಟ್ಟಿಗೊಳಿಸುವಿಕೆ) ಗ್ಲಿಸರಿನ್ ಜೆಲ್‌ನ ಕೆಳಗೆ ನಡೆದರೆ, ಆಮ್ಲಜನಕ ತಾಗಿ ಗಟ್ಟಿಯಾಗದೆ ಉಳಿಯುವ ಅಂಟುಪದರ ಬಹಳ ಮಟ್ಟಿಗೆ ತಪ್ಪುತ್ತದೆ.

ಪೂರ್ತಿ ಒಂದೇ ಬಣ್ಣವಾಗಲೇಬೇಕೆಂದು ಹಟ ಹಿಡಿಯಬೇಡಿ. ಬಣ್ಣ ಅಳೆಯುವ ಸೀಲ್ಯಾಬ್ ಪದ್ಧತಿಯಲ್ಲಿ ಬಣ್ಣದ ಅಂತರ, ಅಂದರೆ ಡೆಲ್ಟಾ ಇ, 1.2ರಷ್ಟಿದ್ದಾಗ ನೋಡುವವರಲ್ಲಿ ಅರ್ಧದಷ್ಟು ಮಂದಿಗಷ್ಟೇ ಅದು ಗೊತ್ತಾಗುತ್ತದೆ, 2.7ರಷ್ಟಿದ್ದರೂ ಅರ್ಧದಷ್ಟು ಮಂದಿ ಒಪ್ಪುತ್ತಾರೆ.

ಮತ್ತೊಬ್ಬ ಸದಸ್ಯರು (ಲ್ಯಾಬ್ ತಂತ್ರಜ್ಞ)

ಕ್ರೌನ್ ಬಗ್ಗೆ ಒಂದು ಮಾತು. ಪಿಂಗಾಣಿಯೊಳಗೆ ಕಾಫಿ ಇಳಿಯುವುದು ತೀರ ಕಡಿಮೆ. ಅಲ್ಲಿ ಕಳೆದುಹೋಗಿರುವುದು ಗ್ಲೇಜ್, ಅಂದರೆ ಸುಟ್ಟು ಕೂರಿಸಿದ ಗಾಜಿನಂಥ ಹೊಳಪಿನ ಪದರ. ಸ್ಟೇನ್ ಬಣ್ಣಗಳನ್ನು ಗ್ಲೇಜ್‌ನ ಅಡಿಯಲ್ಲಿ ಮೇಲ್ಪದರವಾಗಿ ಸುಟ್ಟಿದ್ದರೆ, ಉಜ್ಜಿದ ಜಾಗದಲ್ಲಿ ಅವೂ ಹೋಗಿರುತ್ತವೆ, ಪಾಲಿಶ್‌ನಿಂದ ಹೊಳಪು ಬಂದರೂ ಆ ಬಣ್ಣ ಬರುವುದಿಲ್ಲ. ಮಂಕಾದ ಜಾಗ ಹಿಂಬದಿಯಲ್ಲಿದ್ದರೆ ವಜ್ರದ ಕಣಗಳಿರುವ ರಬ್ಬರ್ ಪಾಲಿಶರ್‌ಗಳನ್ನು ಕ್ರಮವಾಗಿ ಬಳಸಿ, ಕೊನೆಗೆ ವಜ್ರದ ಪೇಸ್ಟ್ ಹಚ್ಚಿದರೆ ಸಾಕು. ಎದುರಿನ ಹಲ್ಲಿನ ಸವೆತದ ದೃಷ್ಟಿಯಿಂದಲೂ ಆ ಒರಟನ್ನು ಹಾಗೆಯೇ ಬಿಡಬಾರದು. ಬಾಯಲ್ಲಿ ಸಿಮೆಂಟ್ ಆಗಿರುವ ಕ್ರೌನನ್ನು ಗ್ಲೇಜ್‌ಗಾಗಿ ಕಳಚಲು ಹೋಗಬೇಡಿ. ಮುಂದಿನ ಬಾರಿ ಕಚ್ಚುವಿಕೆಯನ್ನು ಸಿಮೆಂಟ್ ಮಾಡುವ ಮೊದಲೇ ಸರಿಪಡಿಸಿ ಕಳುಹಿಸಿದರೆ, ನಾವು ಸ್ಟೇನ್ ಹಚ್ಚಿ ಮತ್ತೊಮ್ಮೆ ಸುಟ್ಟು ಕೊಡಬಹುದು.